ಕೆಂಗೇರಿಯ ಅಭಿಮಾನಿ

ಎಲ್ಲಕ್ಕೂ ಕಾರಣ ಒಂದು ಸೊನ್ನೆ.

ಕುರುಬರಹಳ್ಳಿ ನಾಲ್ಕನೇ ಅಡ್ಡರಸ್ತೆಯ ಟೈಪಿಂಗ್ ಮೇಷ್ಟ್ರು ನಾಣಿ ಐವತ್ತೆರಡನೇ ವಯಸ್ಸಿನಲ್ಲಿ ಬ್ಲಾಗು ತೆರೆದಿದ್ದ. ಮನೆಯ ಮುಂದಿನ ಕೋಣೆಯಲ್ಲಿದ್ದ ಅವನ ಇನ್‌ಸ್ಟಿಟ್ಯೂಟಿನಿಂದ ಟೈಪ್‌ರೈಟರುಗಳೆಲ್ಲ ಹಳೇ ಕಬ್ಬಿಣದ ತೂಕಕ್ಕೆ ಹೋಗಿ, ಅಲ್ಲೀಗ ಎರಡು ಕಂಪ್ಯೂಟರುಗಳು ಪ್ಲಾಸ್ಟಿಕ್ ಮುಸುಕು ಹೊದ್ದು ಹೊಸ ಸೊಸೆಯರ ಹಾಗೆ ಕೂತಿದ್ದವು. 'ಈಗ ಯಾರು ಬೇಕಾದರೂ ಬರೆದು ಪ್ರಕಟಿಸಬಹುದು, ಸಂಪಾದಕರ ಹಂಗಿಲ್ಲ' ಎಂದು ಪೇಪರಿನಲ್ಲಿ ಓದಿದ್ದೇ ತಡ, ಇಪ್ಪತ್ತೈದು ವರ್ಷ ಬೇರೆಯವರ ಅರ್ಜಿಗಳನ್ನೇ ಬಡಿದ ಬೆರಳು ತನಗೋಸ್ಕರವೂ ನಾಲ್ಕು ದಿನ ಕುಣಿಯಲಿ ಅನ್ನಿಸಿತು. ಬ್ಲಾಗಿಗೆ 'ನಾಣಿಯ ನಾಲ್ಕು ಮಾತು' ಎಂದು ಹೆಸರಿಟ್ಟ. ಮನುಕುಲದ ಭವಿಷ್ಯದ ಬಗ್ಗೆ ಬರೆದ. ಸಮಯಪಾಲನೆಯ ಮಹತ್ವದ ಬಗ್ಗೆ ಬರೆದ. ಪ್ರತಿ ಬರಹದ ಬುಡದಲ್ಲೂ ಒಂದೇ ಸಾಲು: 'ಪ್ರತಿಕ್ರಿಯೆಗಳು: 0'.

ಮದುವೆಯ ಊಟದಲ್ಲಿ ಯಾರೂ ಬಂದು ಕೂರದ ಎಲೆಯ ಹಾಗೆ ಆ ಸೊನ್ನೆ ಅವನನ್ನೇ ನೋಡುತ್ತಿತ್ತು.

ಒಂದು ಸಂಜೆ ತಡೆಯಲಾರದೆ ಅವನೇ ಒಂದು ಖಾತೆ ತೆರೆದು, ಕಲಾವತಿ ಅನ್ನುವ ಹೆಸರಿನಲ್ಲಿ ಬರೆದ: 'ಎಂಥ ಬರವಣಿಗೆ ಸಾರ್! ಎರಡು ಸಲ ಓದಿದೆ. – ಕಲಾವತಿ, ಕೆಂಗೇರಿ ಉಪನಗರ.' ಕೆಂಗೇರಿ ಯಾಕೆಂದರೆ, ಕುರುಬರಹಳ್ಳಿಯವರು ಅಲ್ಲಿಗೆ ಹೋಗಬೇಕಾದರೆ ಎರಡು ಬಸ್ಸು ಹತ್ತಿ ಇಳಿಯಬೇಕು. ಅಷ್ಟು ಕಷ್ಟಪಟ್ಟು ಯಾರು ವಿಚಾರಿಸಲು ಹೋಗುತ್ತಾರೆ?

ಸೊನ್ನೆ ಒಂದಾಯಿತು. ಆದರೆ ದಿನವೂ ಬರೀ ಹೊಗಳಿಕೆಯೇ ಆದರೆ ಅನುಮಾನ ಬರುತ್ತದಲ್ಲ? ಅದಕ್ಕೇ ಕಲಾವತಿ ಹೊಗಳಿಕೆಯ ಜೊತೆಗೆ ಮನೆಯ ಮಾತನ್ನೂ ಸ್ವಲ್ಪ ಸೇರಿಸತೊಡಗಿದಳು. ಅವಳ ಅತ್ತೆ ಬೆಂಕಿಕಡ್ಡಿಯನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ಒಂದನ್ನು ಎರಡು ಮಾಡುತ್ತಿದ್ದದ್ದು. ಹೆಣ್ಣು ನೋಡುವ ಶಾಸ್ತ್ರದ ನಡುವೆ ಬೀದಿ ನಲ್ಲಿಯಲ್ಲಿ ನೀರು ಬಂತೆಂದು ಹೆಣ್ಣಿನ ತಾಯಿ ಬಿಂದಿಗೆ ಹಿಡಿದು ಓಡಿದ್ದು, ಗಂಡಿನ ತಾಯಿಯೂ ಸೆರಗು ಸಿಕ್ಕಿಸಿಕೊಂಡು ಇನ್ನೊಂದು ಬಿಂದಿಗೆ ಹಿಡಿದದ್ದು, ಸಂಬಂಧ ಅಲ್ಲೇ ನಲ್ಲಿಕಟ್ಟೆಯಲ್ಲಿ ಕುದುರಿದ್ದು. ನಾಣಿಯ ಬೆರಳಿಗೆ ಇವೆಲ್ಲ ತಾವಾಗಿ ಬರುತ್ತಿದ್ದವು. ಒಳಗೆ ಚಪಾತಿ ಲಟ್ಟಿಸುತ್ತ ಹೆಂಡತಿ ಅನಂತಲಕ್ಷ್ಮಿ ಒಗ್ಗರಣೆಯ ಘಾಟಿನ ಹಾಗೆ ಎಡೆಬಿಡದೆ ಮಾತು ಕಳಿಸುತ್ತಿದ್ದಳು. ನಾಣಿ ಅದಕ್ಕೆ "ಹ್ಞೂಂ, ಹ್ಞೂಂ" ಅನ್ನುತ್ತ ಕೀಲಿ ಒತ್ತುತ್ತಿದ್ದ.

ಮೂರು ತಿಂಗಳಲ್ಲಿ ಪ್ರತಿಕ್ರಿಯೆಗಳು ಮೂವತ್ತು ದಾಟಿದವು. ಎಲ್ಲವೂ ಕಲಾವತಿಗೆ. 'ಅಕ್ಕಾ, ನಿಮ್ಮತ್ತೆ ಆಮೇಲೇನು ಮಾಡಿದರು?' ಎಂದು ಒಬ್ಬರು. 'ಮೇಲಿನ ಲೇಖನ ಓದಲಿಲ್ಲ, ಸೀದಾ ಇಲ್ಲಿಗೇ ಇಳಿದೆ' ಎಂದು ಇನ್ನೊಬ್ಬರು.

ಹೀಗಿರುವಾಗ ನವೆಂಬರಿನ ಮೂರನೇ ಭಾನುವಾರ ಬೆಳಗ್ಗೆ, ಬಡಾವಣೆ ಸಂಘದ ಕಾರ್ಯದರ್ಶಿ ಗೋಪೀನಾಥ ಕಂಕುಳಲ್ಲಿ ಕರಪತ್ರದ ಕಟ್ಟು ಇಟ್ಟುಕೊಂಡು ಬಂದ. ರಿಟೈರಾದ ಮೇಲೆ ಮನೆಗೆ ಬ್ರಾಡ್‌ಬ್ಯಾಂಡ್ ಹಾಕಿಸಿಕೊಂಡು ಲೋಕವನ್ನೆಲ್ಲ ಓದುತ್ತಿದ್ದ ಮನುಷ್ಯ.

"ನಾಣಿ ಸಾರ್, ಇವತ್ತು ಸಂಜೆ ನಮ್ಮ ರಾಜ್ಯೋತ್ಸವ ಅಲ್ವಾ? ಈ ಸಲದ ಸನ್ಮಾನ ಇಂಟರ್‌ನೆಟ್ಟಲ್ಲಿ ಕನ್ನಡ ಬೆಳೆಸಿದವರಿಗೆ ಅಂತ ತೀರ್ಮಾನ ಮಾಡಿದೀವಿ. ನಿಮ್ಮ ಬ್ಲಾಗಿಂದಾನೇ!"

ನಾಣಿಯ ಎದೆ ಪೂರಿಯಂತೆ ಉಬ್ಬಿತು. "ಅಯ್ಯೋ, ನಂಗ್ಯಾಕೆ ಸಾರ್ ಅದೆಲ್ಲ..."

"ನಿಮಗಲ್ಲ ಬಿಡಿ. ಕಲಾವತಿಯವರಿಗೆ."

ಪೂರಿ ಇಳಿಯಿತು. ಗೋಪೀನಾಥ ಕರಪತ್ರ ಕೈಗಿಟ್ಟ. ಬೆಂಕಿಕಡ್ಡಿ, ಬಿಂದಿಗೆ, ಎಲ್ಲವನ್ನೂ ಅಚ್ಚು ಹಾಕಿಸಿ, ಮೇಲೆ ದಪ್ಪಕ್ಷರದಲ್ಲಿ 'ಶ್ರೀಮತಿ ಕಲಾವತಿ, ಕೆಂಗೇರಿ, ಇವರಿಗೆ ಸನ್ಮಾನ' ಎಂದಿತ್ತು.

"ರಾತ್ರಿ ಮಲಗೋ ಮುಂಚೆ ಬ್ಲಾಗಲ್ಲೇ ಆಹ್ವಾನ ಹಾಕಿದೀನಿ, ಆಯಮ್ಮ ಇನ್ನೂ ಉತ್ತರಾನೇ ಕೊಟ್ಟಿಲ್ಲ. ಕರ್ಸೋ ಜವಾಬ್ದಾರಿ ನಿಮ್ಮದು. ಬೀದಿಗೆಲ್ಲ ಹಂಚಾಗಿದೆ ಸಾರ್, ಮರ್ಯಾದೆ ಪ್ರಶ್ನೆ!"

ಅವನು ಹೋಗುತ್ತಲೂ ಅನಂತಲಕ್ಷ್ಮಿ ಕೈ ಒರೆಸಿಕೊಳ್ಳುತ್ತ ಬಂದಳು.

"ಯಾರ್ರೀ ಅದು ಕಲಾವತಿ?"

"ಯಾರೋ ಒಬ್ರು... ನನ್ನ ಬರಹ ಓದೋರು."

"ನಿಮ್ಮದನ್ನ ಓದೋರೂ ಇದಾರಾ?" ಎಂದು ಕರಪತ್ರ ತೆಗೆದುಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅಡುಗೆಮನೆಯ ಮಾತು ನಿಂತುಹೋಯಿತು. ಮದುವೆಯಾದ ಇಪ್ಪತ್ತಾರು ವರ್ಷಗಳಲ್ಲಿ ನಾಣಿ ಆ ಮನೆಯಲ್ಲಿ ಫ್ಯಾನಿನ ಸದ್ದು ಕೇಳಿದ್ದು ಅವತ್ತೇ ಮೊದಲು.

ಎದುರುಮನೆ ರಾಮಕ್ಕ ಮೊಸರಿನ ನೆಪದಲ್ಲಿ ಬಂದು ಅಡುಗೆಮನೆಯ ಬಾಗಿಲಿಗೆ ಒರಗಿದಳು. ಪಿಸುಗುಟ್ಟಿದರೂ ಅವಳ ದನಿ ಬಸ್‌ಸ್ಟಾಪಿನವರೆಗೆ ಕೇಳುತ್ತಿತ್ತು. "ಅನಂತಮ್ಮ, ನಾನು ಹೇಳ್ದೆ ಅಂದ್ಕೋಬೇಡಿ. ಹೆಸರು ನೋಡಿ ಎಷ್ಟು ವೈಯಾರವಾಗಿದೆ. ಅದೂ ಕೆಂಗೇರೀಲಿ! ಬೇಕಂತಲೇ ದೂರ ಇಟ್ಟಿದಾರೆ."

ನಾಣಿಗೆ ಕಿವಿ ಕಾದವು. ನಿಜ ಹೇಳಿಬಿಟ್ಟರೆ ಒಂದು ಕ್ಷಣದ ಕೆಲಸ. ಆದರೆ ಏನೆಂದು ಹೇಳುವುದು? ಪರಹೆಂಗಸಿನ ಸಹವಾಸ ಅಂದರೆ ಜನ ಬೈದಾರು. ಬೈಯುವುದಕ್ಕೂ ಒಂದು ಗೌರವ ಉಂಟು. ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳಲು ಸೀರೆ ಉಟ್ಟ ಹೆಸರು ಹುಡುಕಿದವನು ಅಂತ ಗೊತ್ತಾದರೆ ನಾಳೆ ಟೈಪಿಂಗ್ ಕಲಿಯಲು ಬರುವ ಮಕ್ಕಳು ಅವನ ಮುಖ ನೋಡಿ ನಕ್ಕಾರು. ಅನಂತಲಕ್ಷ್ಮಿಯೂ ನಕ್ಕಾಳು. ಅನುಮಾನವೇ ಮೇಲು ಎಂದುಕೊಂಡು ಅವನು ಕಂಪ್ಯೂಟರಿನ ಮುಸುಕು ತೆಗೆದ.

'ಕ್ಷಮಿಸಿ, ವಿಪರೀತ ಜ್ವರ. ಬರಲಾಗುತ್ತಿಲ್ಲ. – ಕಲಾವತಿ.'

ಒಂದು ಗಂಟೆ ನೆಮ್ಮದಿಯಾಗಿತ್ತು. ಆಮೇಲೆ ಬಾಗಿಲಲ್ಲಿ ಹಾರನ್ ಕೂಗಿತು. ವ್ಯಾನಿನ ತುಂಬ ಸಂಘದವರು. ಮುಂದಿನ ಸೀಟಿನಲ್ಲಿ ಸಂಘದ ಅಧ್ಯಕ್ಷ ದೊಡ್ಡಣ್ಣ, ತೊಡೆಯ ಮೇಲೆ ಹಣ್ಣಿನ ಬುಟ್ಟಿ.

"ಮೇಷ್ಟ್ರೇ, ಹತ್ತಿ ಹತ್ತಿ!" ಎಂದ ದೊಡ್ಡಣ್ಣ. "ಪಾಪ, ಜ್ವರ ಅಂತೆ. ನಾವೇ ಕೆಂಗೇರಿಗೆ ಹೋಗಿ ಮಂಚದ ಹತ್ರಾನೇ ಶಾಲು ಹೊದಿಸಿ ಬರೋಣ. ಜ್ವರಕ್ಕೂ ಬೆಚ್ಚಗಾಗುತ್ತೆ. ಅಡ್ರೆಸ್ ಹೇಳಿ."

"ಅಡ್ರೆಸ್... ಒಂದ್ ನಿಮಿಷ, ಒಳಗಿದೆ," ಎಂದು ನಾಣಿ ಓಡಿದ. ಬೆರಳುಗಳು ಒಂದರ ಮೇಲೊಂದು ಬಿದ್ದವು. 'ಜ್ವರ ಪೂರ್ತಿ ಬಿಟ್ಟಿತು. ಸಂಜೆ ನಾನೇ ಬರುತ್ತೇನೆ. ದಯವಿಟ್ಟು ಯಾರೂ ಮನೆಗೆ ಬರಬೇಡಿ.' ಒತ್ತಿದ. ಅಷ್ಟರಲ್ಲಿ ಗೋಪೀನಾಥ ಹಿಂದೆಯೇ ಬಂದು ಅವನ ಭುಜದ ಮೇಲಿಂದ ಇಣುಕುತ್ತಿದ್ದ.

"ನೋಡಿ ಸಾರ್, ಈಗಷ್ಟೇ ಬಂತು. ಹುಷಾರಾಗಿದಾರಂತೆ," ಎಂದು ನಾಣಿ ಬೆವರು ಒರೆಸಿಕೊಂಡ.

ಗೋಪೀನಾಥ ಕನ್ನಡಕ ಸರಿಮಾಡಿಕೊಂಡು ಓದಿದ. "ಇದು ನಿಮ್ಮ ಹೆಸರಲ್ಲಿದೆಯಲ್ಲ ಸಾರ್?"

ನಾಣಿ ನೋಡಿದ. ಗಡಿಬಿಡಿಯಲ್ಲಿ ಕಲಾವತಿಯ ಖಾತೆಗೆ ಹೋಗುವುದನ್ನೇ ಮರೆತಿದ್ದ. 'ಜ್ವರ ಪೂರ್ತಿ ಬಿಟ್ಟಿತು' ಎನ್ನುವುದರ ಮೇಲೆ 'ನಾಣಿ' ಎಂದು ಠಾಕುಠೀಕಾಗಿ ನಿಂತಿತ್ತು.

"ಅದು... ನಂಗೂ ಜ್ವರ ಇತ್ತು ಸಾರ್. ಬಿಡ್ತು. ಅವರದ್ದೂ ಬಿಟ್ಟಿರುತ್ತೆ. ಬಂದೇ ಬರ್ತಾರೆ, ನಂದು ಗ್ಯಾರಂಟಿ."

ಕಾಂಪೌಂಡಿನ ಆಚೆಯಿಂದ ರಾಮಕ್ಕನ ಪಿಸುಮಾತು ತೇಲಿ ಬಂತು. "ಕೇಳಿಸ್ತಾ ಅನಂತಮ್ಮ? ಇಬ್ಬರಿಗೂ ಒಟ್ಟಿಗೇ ಜ್ವರ ಬಂದು ಒಟ್ಟಿಗೇ ಬಿಡುತ್ತಂತೆ!"

ಮಧ್ಯಾಹ್ನ ಅನಂತಲಕ್ಷ್ಮಿ ಅವನ ತಟ್ಟೆಗೆ ಅನ್ನ ಬಡಿಸಿ, ಎದುರಿಗೇ ಕೂತು, "ಏನಾದ್ರೂ ಹೇಳೋದಿದೆಯಾ?" ಎಂದು ಕೇಳಿದಳು. "ಸಾರು ಚೆನ್ನಾಗಿದೆ," ಎಂದ ನಾಣಿ. ಅವಳು ಎದ್ದು ಹೋಗಿ ಬೀರು ತೆಗೆದು, ನಾದಿನಿಯ ಮದುವೆಯಿಂದೀಚೆಗೆ ಮುಟ್ಟದಿದ್ದ ನವಿಲುಬಣ್ಣದ ರೇಷ್ಮೆ ಸೀರೆ ಹೊರಗಿಟ್ಟಳು. ಯುದ್ಧಕ್ಕೆ ಕತ್ತಿ ಹಿರಿದ ಹಾಗೆ ಕಂಡಿತು ಅವನಿಗೆ.

ಸಂಜೆ ಬೀದಿಗೆ ಅಡ್ಡಲಾಗಿ ಶಾಮಿಯಾನ ಎದ್ದಿತ್ತು. ವೇದಿಕೆಯ ನಡುವಿನ ಕುರ್ಚಿಗೆ 'ಶ್ರೀಮತಿ ಕಲಾವತಿ' ಎಂದು ಚೀಟಿ ಅಂಟಿಸಿ ಖಾಲಿ ಬಿಟ್ಟಿದ್ದರು. ಪಕ್ಕದಲ್ಲಿ ನಾಣಿ, ಹಲ್ಲು ಕೀಳಿಸಿಕೊಳ್ಳಲು ಸರದಿ ಕಾಯುವವನ ಹಾಗೆ. ಮುಂದಿನ ಸಾಲಿನಲ್ಲಿ ಅನಂತಲಕ್ಷ್ಮಿ, ಅವಳ ಪಕ್ಕ ಕಡಲೆಕಾಯಿ ಸುಲಿಯುತ್ತ ರಾಮಕ್ಕ. ಆರೂವರೆಯಾಯಿತು, ಏಳಾಯಿತು. ಹೊತ್ತು ಕಳೆಯಲೆಂದು ಗೋಪೀನಾಥ ಮೈಕಿನಲ್ಲಿ ಕಲಾವತಿಯ ಮಾತುಗಳನ್ನು ಓದತೊಡಗಿದ. ಬೆಂಕಿಕಡ್ಡಿಗೆ ಜನ ನಕ್ಕರು. ಬಿಂದಿಗೆಗೆ ಬಿದ್ದು ಬಿದ್ದು ನಕ್ಕರು. ತಾನು ಟೈಪು ಮಾಡಿದ್ದಕ್ಕೆ ಇಡೀ ಬೀದಿ ನಗುತ್ತಿದೆ, 'ನಂದು' ಎಂದು ಕೈ ಎತ್ತುವ ಹಾಗಿಲ್ಲ. ನಾಣಿ ತಲೆ ತಗ್ಗಿಸಿ ತನ್ನ ಚಪ್ಪಲಿಯ ಉಂಗುಷ್ಠ ನೋಡುತ್ತ ಕೂತ.

"ಮೇಷ್ಟ್ರೇ, ಗ್ಯಾರಂಟಿ ಅಂದ್ರಲ್ಲ, ಎಲ್ಲಿ?" ಎಂದು ದೊಡ್ಡಣ್ಣ ಕೂಗಿಯೇ ಕೇಳಿದ. ಜನರೆಲ್ಲ ನಾಣಿಯ ಕಡೆ ತಿರುಗಿದರು.

ಇನ್ನು ಆಗದು. ನಾಣಿ ಎದ್ದು ಮೈಕಿನ ಮುಂದೆ ನಿಂತ. "ಬಂಧುಗಳೇ... ಈ ಕಲಾವತಿ ಅನ್ನೋರು... ಅಂದ್ರೆ ನಿಜ ಹೇಳ್ಬೇಕು ಅಂದ್ರೆ, ಕಲಾವತಿ ಬೇರೆ ಯಾರೂ ಅಲ್ಲ..."

"ನಾನೇ."

ದನಿ ಮುಂದಿನ ಸಾಲಿನಿಂದ ಬಂತು. ಅನಂತಲಕ್ಷ್ಮಿ ಸೀರೆಯ ನೆರಿಗೆ ಸರಿಮಾಡಿಕೊಂಡು ಎದ್ದಳು. ರಾಮಕ್ಕನ ಬಾಯಲ್ಲಿದ್ದ ಕಡಲೆಕಾಯಿ ಅಲ್ಲೇ ಉಳಿಯಿತು. ಅನಂತಲಕ್ಷ್ಮಿ ಮೆಟ್ಟಿಲು ಹತ್ತಿ, ಗಂಡನ ಕೈಯಿಂದ ಮೈಕು ಬಿಡಿಸಿಕೊಂಡು, ಎಲ್ಲರಿಗೂ ಕೈಮುಗಿದಳು.

"ಮನೆಯವರ ಬ್ಲಾಗಲ್ಲಿ ನನ್ನ ಹೆಸರಲ್ಲೇ ಬರೆದ್ರೆ ಚೆನ್ನಾಗಿರಲ್ಲ ಅಂತ ಹೆಸರು ಬದಲಾಯಿಸಿದ್ದೆ. ಕೆಂಗೇರೀಲಿ ನನ್ನ ತಂಗಿ ಇದಾಳೆ, ಅದಕ್ಕೆ ಆ ಊರು ಹಾಕಿದೆ. ಆ ಬೆಂಕಿಕಡ್ಡಿ ಅತ್ತೆ ನಮ್ಮತ್ತೇನೇ. ಬಿಂದಿಗೆ ಹಿಡ್ಕೊಂಡು ಓಡಿದ್ದು ನಮ್ಮಮ್ಮ."

ಅವಳಿಗಿದ್ದ ಒಬ್ಬಳೇ ತಂಗಿ ತಿಪಟೂರಿನಲ್ಲಿದ್ದಳು. ಅದು ನಾಣಿಗೆ ಗೊತ್ತು. ಉಳಿದದ್ದು ಅಕ್ಷರ ಅಕ್ಷರವೂ ನಿಜವೆಂದು ಅವನಿಗೆ ಹೊಳೆದದ್ದು ಆ ಹೊತ್ತಿಗೆ. ಆ ನಲ್ಲಿಕಟ್ಟೆಯ ಮದುವೆಯ ಗಂಡು ತಾನೇ!

ಚಪ್ಪಾಳೆ ಶಾಮಿಯಾನ ಹಾರಿಸುವಂತೆ ಎದ್ದಿತು. ದೊಡ್ಡಣ್ಣನ ಕಣ್ಣಲ್ಲಿ ನೀರು. "ನೋಡ್ರಪ್ಪ, ಹೆಂಡ್ತಿ ಅಂದ್ರೆ ಹೀಗಿರ್ಬೇಕು! ಮೇಷ್ಟ್ರು ಬರೆದಿದ್ದನ್ನ ಒಂದು ನರಪಿಳ್ಳೇನೂ ಓದ್ತಿರ್ಲಿಲ್ಲ. ಪಾಪ, ಮನಸ್ಸಿಗೆ ಬೇಜಾರಾಗ್ದಿರ್ಲಿ ಅಂತ ಈ ತಾಯಿ ಕಳ್ಳ ಹೆಸರಲ್ಲಿ ಹೊಗಳಿದಾರೆ!"

ಜನ "ಅಯ್ಯೋ ಪಾಪ" ಎಂದು ನಾಣಿಯನ್ನು ನೋಡಿದರು. ನಕ್ಕಿದ್ದರೆ ವಾಸಿಯಿತ್ತು. ಶಾಲು ಹೊದಿಸಲು ಅವನನ್ನೇ ಕರೆದರು. ಹೊದಿಸಿದ. ಹಣ್ಣಿನ ಬುಟ್ಟಿ ಹೊರಲು ಅವನಿಗೇ ಕೊಟ್ಟರು. ಹೊತ್ತ.

ಮನೆಯ ಬಾಗಿಲು ಹಾಕಿದ ಮೇಲೆ ಮೆಲ್ಲಗೆ ಕೇಳಿದ. "ಲಕ್ಷ್ಮೀ, ನಿಂಗೆ ಯಾವಾಗ ಗೊತ್ತಾಯ್ತು?"

"ಬೆಳಗ್ಗೆ ಆ ಕಾಗದ ಓದಿದ ತಕ್ಷಣ. ಬೆಂಕಿಕಡ್ಡಿ ಸೀಳೋ ಅತ್ತೆ ಇನ್ನೆಷ್ಟು ಮನೇಲಿರ್ತಾರೆ? ನೀವಾಗೇ ಬಾಯಿ ಬಿಡ್ತೀರೇನೋ ಅಂತ ಊಟದ ತನಕ ಕಾದೆ. 'ಎಂಥ ಬರವಣಿಗೆ ಸಾರ್' ಅನ್ನೋದೊಂದು ನಿಮ್ಮದು ಕಣ್ರೀ, ಮಿಕ್ಕಿದ್ದೆಲ್ಲ ನಂದು." ಶಾಲು ಮಡಿಸಿ ಬೀರುವಿನಲ್ಲಿಟ್ಟಳು. "ಒಂದು ಸಂತೋಷ. ಇಷ್ಟು ವರ್ಷ ಹ್ಞೂಂ ಅಂದಾಗ ಕೇಳಿಸ್ಕೋತಾನೂ ಇದ್ರಿ ಅಂತ ಇವತ್ತು ಗೊತ್ತಾಯ್ತು."

ನಾಣಿಗೆ ಇಡೀ ದಿನದ ನಾಚಿಕೆ ಒಂದು ತೂಕ, ಈ ಮಾತಿನದೇ ಒಂದು ತೂಕ ಅನ್ನಿಸಿತು.

ಆ ವಾರವೇ ಗೋಪೀನಾಥ ಬಂದು ಬ್ಲಾಗನ್ನು ಅನಂತಲಕ್ಷ್ಮಿಯ ಹೆಸರಿಗೆ ಮಾಡಿಕೊಟ್ಟ. "ಸಿಕ್ಕಸಿಕ್ಕವರೆಲ್ಲ ಏನೇನೋ ಗೀಚ್ತಾರೆ ತಾಯಿ. ನೀವು ಒಪ್ಪಿದ ಮೇಲೇ ಕಾಮೆಂಟ್ ಕಾಣೋ ಹಾಗೆ ಮಾಡಿದೀನಿ," ಎಂದು ಗುಂಡಿ ಒತ್ತುವುದನ್ನೂ ಅವಳಿಗೆ ಕಲಿಸಿ ಹೋದ. ಈಗ ಅವಳು ಹೇಳುವುದು, ನಾಣಿ ಟೈಪು ಮಾಡುವುದು. ಮೊದಲ ಬರಹಕ್ಕೇ ನಲವತ್ತು ಪ್ರತಿಕ್ರಿಯೆ.

ಅವಳು ಚಪಾತಿಗೆ ಎದ್ದು ಹೋದ ಮೇಲೆ ನಾಣಿ ಒಬ್ಬನೇ ಕೂತು ಅವಳ ಬರಹ ಓದಿದ. ಮತ್ತೆ ಓದಿದ. ಆಮೇಲೆ, ಜೀವಮಾನದಲ್ಲಿ ಮೊದಲ ಸಲ ಸ್ವಂತ ಹೆಸರಿನಲ್ಲಿ, ಸತ್ಯವಾಗಿ, ಕೆಳಗೆ ಬರೆದ: 'ಎಂಥ ಬರವಣಿಗೆ! ಎರಡು ಸಲ ಓದಿದೆ. – ನಾಣಿ, ಕುರುಬರಹಳ್ಳಿ.'

ಪರದೆಯ ಮೇಲೆ ಸಾಲೊಂದು ಮೂಡಿತು: 'ನಿಮ್ಮ ಪ್ರತಿಕ್ರಿಯೆ ಬ್ಲಾಗಿನ ಒಡೆಯರ ಒಪ್ಪಿಗೆಗಾಗಿ ಕಾದಿದೆ.'

"ಲಕ್ಷ್ಮೀ," ಎಂದು ಕೂಗಿದ ನಾಣಿ, "ಒಂದ್ ನಿಮಿಷ ಬಂದು ಇದನ್ನ ಒತ್ತಿ ಹೋಗ್ತೀಯಾ? ನಾನೂ ಒಂದು ಬರ್ದಿದೀನಿ ಕಣೇ."

ಲಟ್ಟಣಿಗೆಯ ಸದ್ದು ನಿಲ್ಲಲಿಲ್ಲ.

"ಹ್ಞೂಂ, ಹ್ಞೂಂ," ಎಂದಳು ಅವಳು ಒಳಗಿನಿಂದ.