ಡಾಕ್ಟರ್ ಬಾಯಿಯ ಕಾರಿಗೆ ವಯಸ್ಸಿನ ಪುರಾವೆ

ನನ್ನ ಹೆಂಡತಿ ಕೈ ಹಾಕಿದ ಕೆಲಸ ಹೇಗಾದರೂ ಆಗಿಯೇ ತೀರುತ್ತದೆ. ಆ ‘ಹೇಗಾದರೂ’ ಎಂಬುದರ ನಡುವೆ ಸಿಕ್ಕಿಹಾಕಿಕೊಳ್ಳುವವನು ಮಾತ್ರ ಯಾವಾಗಲೂ ನಾನು. ಲಂಡನ್ನಿಗೆ ಬಂದ ಮೇಲೂ ಇದು ನಿಲ್ಲಲಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ಕಿಂಗ್ಸ್‌ಬರಿಯಲ್ಲಿ ನಮ್ಮ ಮನೆ. ನಾನು ಬೆಂಗಳೂರಿನವನು, ಕೌನ್ಸಿಲ್‌ನಿಂದ ಅಂದರೆ ಇಲ್ಲಿನ ನಗರಸಭೆಯಿಂದ ಕಾಗದ ಬಂದರೆ ಒಡೆಯುವ ಮೊದಲೇ ಬೆವರುವವನು. ಅವಳು ಹುಬ್ಬಳ್ಳಿಯವಳು, ಕೌನ್ಸಿಲ್‌ಗೇ ಕಾಗದ ಬರೆದು ಅವರ ಬೆವರಿಳಿಸುವವಳು.

ಹುಬ್ಬಳ್ಳಿಯ ಅವಳ ಓಣಿಯಲ್ಲಿ ಒಬ್ಬರು ಹೆರಿಗೆ ಡಾಕ್ಟರಿದ್ದರು. ಓಣಿಗೆಲ್ಲ ಅವರು ಡಾಕ್ಟರ್ ಬಾಯಿ. ಹೆಂಗಸೊಬ್ಬಳು ಕಾರು ಓಡಿಸುವುದನ್ನು ನನ್ನ ಹೆಂಡತಿ ಮೊದಲು ಕಂಡದ್ದು ಅವರ ಕೆನೆಬಣ್ಣದ, ದುಂಡು ಮೂತಿಯ ಕಾರಿನಲ್ಲಿ. ಮುಂದೆ ತಾನು ಕಲಿತದ್ದೂ ಅದರಲ್ಲೇ. ಡಾಕ್ಟರ್ ಬಾಯಿಗೆ ಕಣ್ಣು ಮಂಜಾಗಿ, ಗುಜರಿಯವರು ಕಾರು ಕೇಳಲು ಬಂದರೆಂದು ಗೊತ್ತಾದ ದಿನವೇ ಇವಳು ಫೋನಿನಲ್ಲಿ ಅದನ್ನು ಕೊಂಡುಬಿಟ್ಟಳು. ಹಡಗಿನಲ್ಲಿ ತರಿಸಿಯೂ ಬಿಟ್ಟಳು. ನನಗೆ ತಿಳಿಸಿದ್ದು ಹಡಗು ಹೊರಟ ಮೇಲೆ.

ಕೆಂಪು ಪುಡಿ

ಮೊದಲು ಎಂ.ಒ.ಟಿ., ಅಂದರೆ ಗಾಡಿ ರಸ್ತೆಗಿಳಿಯಲು ಯೋಗ್ಯವೇ ಎಂಬ ಪರೀಕ್ಷೆ. ಗ್ಯಾರೇಜಿನ ಪರೀಕ್ಷಕ ಬಾನೆಟ್ ಎತ್ತಿ ಟಾರ್ಚ್ ಬಿಟ್ಟ. ಮೂಲೆಮೂಲೆಯಲ್ಲೂ ಕೆಂಪು ಪುಡಿ.

“ತುಕ್ಕು. ಎಲ್ಲ ಕಡೆ ಹಿಡಿದಿದೆ” ಎಂದು ತಲೆಯಾಡಿಸಿದ.

ಅದು ವರ್ಷವರ್ಷವೂ ಆಯುಧಪೂಜೆಗೆ ಹಚ್ಚುತ್ತ ಬಂದ ಕುಂಕುಮ. ಇದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದೆಂದು ನಾನು ತಡವರಿಸುತ್ತಿದ್ದಾಗ ಇವಳು ಬೆರಳಿನಿಂದ ಒರೆಸಿ ತೋರಿಸಿದಳು. ಕೆಳಗೆ ತಗಡು ಫಳಫಳ ಹೊಳೆಯಿತು. ಬೆರಳಿಗೆ ಹತ್ತಿದ್ದು ವ್ಯರ್ಥವಾಗಬಾರದೆಂದು ಹಣೆಗಿಟ್ಟುಕೊಂಡಳು.

ಪರೀಕ್ಷಕ ಮೂರು ಕಡೆ ತಾನೇ ಒರೆಸಿ ನೋಡಿದ. ಇಷ್ಟು ಹಳೆಯ ಕಾರಿನಲ್ಲಿ ಇಂಥ ತಗಡು ನೋಡಿಲ್ಲವೆಂದು ಪಾಸು ಮಾಡಿ, ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, “ಆ ಪುಡಿ ಎಲ್ಲಿ ಸಿಗುತ್ತದೆ?” ಎಂದ. ಆ ಗ್ಯಾರೇಜಿನಲ್ಲಿ ಗ್ರೀಸ್ ಡಬ್ಬಿಯ ಪಕ್ಕದಲ್ಲಿ ಬಹಳ ವರ್ಷ ಒಂದು ಕುಂಕುಮದ ಪೊಟ್ಟಣ ಇತ್ತು.

ಮನೆ ಬದಲಿಸಿದವರ ವಯಸ್ಸು

ನಿಜವಾದ ತೊಡಕು ನೋಂದಣಿ ಕಚೇರಿಯಲ್ಲಿ. ಡಾಕ್ಟರ್ ಬಾಯಿ ಕಾರನ್ನು ಹೊಸದಾಗಿ ಕೊಂಡದ್ದು ಪುಣೆಯಲ್ಲಿ, ಅರವತ್ತನಾಲ್ಕರಲ್ಲಿ. ಹುಬ್ಬಳ್ಳಿಗೆ ಬಂದು ಕರ್ನಾಟಕದ ನಂಬರು ಹಾಕಿಸಿದ್ದು ಎಪ್ಪತ್ತೆಂಟರಲ್ಲಿ. ಪುಣೆಯ ಕಾಗದವನ್ನು ಗೆದ್ದಲು ತಿಂದಿತ್ತು. ಉಳಿದ ಕರ್ನಾಟಕದ ನೋಂದಣಿ ಪುಸ್ತಕದಲ್ಲಿ ಎಪ್ಪತ್ತೆಂಟು ಮಾತ್ರ ಇತ್ತು.

ಕೌಂಟರಿನ ಹೆಂಗಸು ಸಮಾಧಾನದಿಂದಲೇ ವಿವರಿಸಿದರು. ತಯಾರಾದ ಇಸವಿಗೆ ಪುರಾವೆ ಇಲ್ಲದಿದ್ದರೆ ‘ಕ್ಯೂ’ ಅಕ್ಷರದ ನಂಬರು ಕೊಡುತ್ತಾರೆ. ಅದರರ್ಥ, ಈ ಗಾಡಿ ಹುಟ್ಟಿದ್ದು ಯಾವಾಗಲೋ ಗೊತ್ತಿಲ್ಲ.

ಹೆಂಡತಿಯ ಮುಖ ಕಪ್ಪಿಟ್ಟಿತು. “ಸಾವಿರ ಕೂಸಿನ ಹುಟ್ಟಿದ ತಾರೀಖು ಬರದಾರ ಬಾಯಾರು. ಅವರ ಗಾಡಿ ಹುಟ್ಟು ಗೊತ್ತಿಲ್ಲದ್ದು ಅಂತ ಬೋರ್ಡು ಹಾಕ್ಕೊಂಡು ತಿರಗಬೇಕೇನ್ರಿ?” ಎಂದು ನನಗೆ ಹೇಳಿದಳು. ಮತ್ತೆ ಕೌಂಟರಿಗೆ ತಿರುಗಿ ಇಂಗ್ಲಿಷಿನಲ್ಲಿ, “ಮೇಡಂ, ನೀವು ಯಾವತ್ತಾದರೂ ಮನೆ ಬದಲಿಸಿದ್ದೀರಾ?” ಎಂದು ಕೇಳಿದಳು.

“ಹೋದ ತಿಂಗಳು. ಸ್ಟ್ರಾಟ್‌ಫರ್ಡಿಗೆ.”

“ಹೊಸ ವಿಳಾಸ ಬರೆಸಿದ ದಿನ ಹುಟ್ಟಿದಿರಾ?”

ಆಕೆ ಪೆನ್ನು ಕೆಳಗಿಟ್ಟು, “ಹಾಗಾಗುವುದಿದ್ದರೆ ತಿಂಗಳಿಗೊಂದು ಮನೆ ಬದಲಿಸುತ್ತೇನೆ” ಎಂದು ನಕ್ಕರು. ಆದರೂ ಒಪ್ಪಿಗೆಯ ಮೊಹರು ಒತ್ತಲಿಲ್ಲ. ಹಿಂದಿನ ಮಾಲೀಕರ ಹೇಳಿಕೆ ತಂದು ನೋಡಿ, ಇಲ್ಲವಾದರೆ ಹಳೆ ಕಾರುಗಳ ಪರಿಣತರೊಬ್ಬರು ಸರ್ಟಿಫಿಕೇಟ್ ಕೊಡಬೇಕು ಎಂದು ದಾರಿ ಹೇಳಿಕೊಟ್ಟರು.

ಹೇಳಿಕೆ

ಡಾಕ್ಟರ್ ಬಾಯಿ ಅಂಚೆಯಲ್ಲಿ ಹೇಳಿಕೆ ಕಳಿಸಿದರು, ತಮ್ಮ ಔಷಧಿ ಚೀಟಿಯ ಮೇಲೆ, ತಮ್ಮ ಕೈಬರಹದಲ್ಲಿ. ನಾನು ಅದನ್ನು ಮೊದಲು ತಲೆಕೆಳಗಾಗಿ ಓದಿದೆ. ನೇರ ಹಿಡಿದಾಗಲೂ ಏನೂ ವ್ಯತ್ಯಾಸವಾಗಲಿಲ್ಲ. ಇವಳು ಒಂದು ಕ್ಷಣ ಯೋಚಿಸಿ, “ಟೂಟಿಂಗಿಗೆ ನಡೀರಿ” ಎಂದಳು. ಲಂಡನ್ನಿನ ಇನ್ನೊಂದು ತುದಿಯ ಆ ಬಡಾವಣೆಯ ಔಷಧಿ ಅಂಗಡಿಯಲ್ಲಿ ಉಡುಪಿಯವರೊಬ್ಬರಿದ್ದರು. ಅವರು ಕನ್ನಡಕವನ್ನೂ ಹಾಕಿಕೊಳ್ಳದೆ ಪಟಪಟ ಓದಿದರು. ಕಾರು ಪುಣೆಯಲ್ಲಿ ಕೊಂಡದ್ದು, ಇಸವಿ, ಕೊಟ್ಟವರು, ಎಲ್ಲ ಇತ್ತು.

“ಇದು ಓದ್ಲಿಕ್ಕೆ ಎಂತ ಕಷ್ಟ ಉಂಟು? ಆದ್ರೆ ಕೊನೆಗೆ ‘ದಿನಕ್ಕೆರಡು ಸಲ, ಊಟದ ನಂತರ’ ಅಂತ ಬರ್ದಿದ್ದಾರಲ್ಲ, ಅದು ಯಾರಿಗೆ?” ಎಂದು ಕೇಳಿದರು.

ಕಚೇರಿಯವರು ಆ ಚೀಟಿಯನ್ನು ಒಪ್ಪಲಿಲ್ಲ. ಆದರೆ ಅದರ ಒಂದು ಜೆರಾಕ್ಸ್ ಇಟ್ಟುಕೊಂಡರು.

ಪರಿಣತ

ಉಳಿದದ್ದು ಪರಿಣತರೊಬ್ಬರೇ. ಕೋಟು, ಟೈ, ಕೈಯಲ್ಲೊಂದು ಪಟ್ಟಿ, ಮಿರಿಮಿರಿ ಹೊಳೆಯುವ ಬೋಳುತಲೆ. ನಮ್ಮ ಮನೆಯ ಮುಂದೆ ಕಾರನ್ನು ಮೂರು ಸುತ್ತು ಹಾಕಿ ಒಂದೊಂದೇ ಭಾಗ ಮುಟ್ಟಿ ಕೇಳತೊಡಗಿದರು. ಇದು ಕಾರ್ಖಾನೆಯದೇ?

“ಅಲ್ಲ, ದೀಪ ಲಾರಿದು.” “ಸ್ಟೇರಿಂಗ್ ಹುಬ್ಬಳ್ಳಿ ಮಿಸ್ತ್ರಿ ಮಾಡಿದ್ದು.” “ಇಂಜಿನ್ ಎರಡನೇದು.” ಹೆಂಡತಿ ಒಂದನ್ನೂ ಮುಚ್ಚಿಡಲಿಲ್ಲ. ನಾನು ಕಾಲು ತುಳಿದೆ. “ತುಳೀಬ್ಯಾಡ್ರಿ. ಸುಳ್ಳು ಹೇಳಿ ತಗೊಂಡ್ರ ಬಾಯಾರ ಮುಂದ ಹೆಂಗ ನಿಲ್ಲಲಿ?” ಎಂದಳು. ಆ ಗಳಿಗೆಯಲ್ಲಿ ನನಗೆ ಅವಳ ಮೇಲೆ ಬಂದ ಅಭಿಮಾನ ಇಂದಿಗೂ ಇಳಿದಿಲ್ಲ. ಪಟ್ಟಿಯ ತುಂಬ ‘ಇಲ್ಲ’ ತುಂಬಿತು. ಪರಿಣತರು ಪೆನ್ನಿನ ಮುಚ್ಚಳ ಹಾಕುತ್ತ, ಕಾರಿನ ಜೊತೆಗೆ ಹುಟ್ಟಿದ್ದು ಯಾವುದಾದರೂ ಉಳಿದಿದೆಯೇ ಎಂದು ಬೇಸರದಿಂದ ಕೇಳಿದರು.

“ಹಿಂದಿನ ಸೀಟು” ಎಂದಳು.

ಬಸುರಿಯರನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ ಕಾರು ಅದು. ಸೀಟು ಕೆಡದಿರಲೆಂದು ಡಾಕ್ಟರ್ ಬಾಯಿ ಮೊದಲ ದಿನದಿಂದಲೇ ಕವರಿನ ಮೇಲೆ ಕವರು ಹಾಕಿಸಿದ್ದರು. ಹೆಂಡತಿ ಟವೆಲ್ ಬಟ್ಟೆಯದು ತೆಗೆದಳು. ಕೆಳಗೆ ಮಖಮಲ್ಲು. ಅದರ ಕೆಳಗೆ ರೆಕ್ಸಿನ್. ಅದರ ಕೆಳಗೆ ಕಾರ್ಖಾನೆಯವರು ಹಾಕಿದ್ದ ಪ್ಲಾಸ್ಟಿಕ್. ಅದನ್ನು ಸರಿಸಿದರೆ ಅಂಗಡಿಯಿಂದ ಈಗಷ್ಟೇ ತಂದಂಥ ಕೆಂಪು ಸೀಟು. ಅಂಚಿನಲ್ಲೊಂದು ಚೀಟಿ ಅಂಟಿತ್ತು. ಚಾಸಿ ನಂಬರು, ತಿಂಗಳು, ಅರವತ್ತನಾಲ್ಕು, ಪರೀಕ್ಷಿಸಿದವನ ಸಹಿ.

ಪರಿಣತರು ಬಾನೆಟ್ಟಿನ ಕೆಳಗಿನ ನಂಬರಿಗೆ ಹೋಲಿಸಿ ನೋಡಿದರು. ಎರಡು ಸಲ ನೋಡಿದರು. ಅಲ್ಲೇ ನಿಂತು ಸರ್ಟಿಫಿಕೇಟ್ ಬರೆದು ಸಹಿ ಹಾಕಿದರು. ಹೆಂಡತಿ ಅದನ್ನು ಕಣ್ಣಿಗೊತ್ತಿಕೊಂಡಳು. ಅವಳ ಕಣ್ಣು ಒದ್ದೆಯಾಗಿತ್ತು. ನನ್ನದೂ.

ಆಮೇಲೆ ಆ ಹಿರಿಯರು ಟೈ ಸರಿಮಾಡಿಕೊಂಡು, ಇಷ್ಟು ವರ್ಷದ ಅನುಭವದಲ್ಲಿ ಇಂಥ ಸೀಟು ನೋಡಿಲ್ಲ, ಒಂದೇ ಒಂದು ನಿಮಿಷ ಕೂರಬಹುದೇ ಎಂದು ಕೇಳಿದರು. ಹೆಂಡತಿ ಬಹಳ ಹೊತ್ತು ಯೋಚಿಸಿ ಒಪ್ಪಿದಳು. ಅವರು ಬೂಟು ಬಿಚ್ಚಿ ಹೊರಗಿಟ್ಟರು. ಇವಳು ಹಾಸಿಕೊಟ್ಟ ಪೇಪರಿನ ಮೇಲೆ ಮೆಲ್ಲಗೆ ಕೂತು, ಕಣ್ಣುಮುಚ್ಚಿ ಹಿಂದಕ್ಕೆ ಒರಗಬೇಕು, ಅಷ್ಟರಲ್ಲಿ ಇವಳು ನನ್ನ ತೋಳು ಹಿಡಿದೆಳೆದು ಹೇಳಿದಳು:

“ಒರಗಬ್ಯಾಡ್ರಿ ಅಂತ ಹೇಳ್ರಿ ಅವರಿಗೆ. ತಲಿಗೆ ಹಚ್ಚಿದ ಎಣ್ಣಿ ಸೀಟಿಗೆ ಹತ್ತತೈತಿ.”