ಎರಡನೇ ಭಾಗದ ರಾಜಕುಮಾರ

ಪುಸ್ತಕ ಓದಿದವರ ಪಕ್ಕದಲ್ಲಿ ಕೂತು ಅದೇ ಕಥೆಯನ್ನು ಟಿವಿಯಲ್ಲಿ ನೋಡುವುದಕ್ಕಿಂತ ದೊಡ್ಡ ಶಿಕ್ಷೆ ಇನ್ನೊಂದಿಲ್ಲ ಎಂದು ನನ್ನ ಗಂಡ ಹೇಳುತ್ತಾರೆ. ಅವರು ಹುಲಿಯೂರುದುರ್ಗದವರು, ಅನುಭವವಿಲ್ಲದೆ ಮಾತಾಡುವವರಲ್ಲ. ಆ ಪಕ್ಕದಲ್ಲಿ ಕೂತವಳು ನಾನೇ ಆದ್ದರಿಂದ ಈ ಮಾತನ್ನು ಒಪ್ಪುವುದಕ್ಕೂ ಆಗುವುದಿಲ್ಲ, ಬಿಡುವುದಕ್ಕೂ ಆಗುವುದಿಲ್ಲ. ನಾನೇನು ಮಾಡಲಿ? ಹನ್ನೊಂದು ಸಂಪುಟ ಓದಿದ್ದೇನೆ. ಒಂದೊಂದೂ ನಮ್ಮ ಮನೆಯ ದಿಂಬಿನಷ್ಟು ದಪ್ಪ. ವಸಂತನರಸಾಪುರದ ಫ್ಯಾಕ್ಟರಿಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುವ ನಾನು, ಕಂಪನಿ ಬಸ್ಸಿನಲ್ಲಿ ಹೋಗುತ್ತಾ ಬರುತ್ತಾ ಅಷ್ಟನ್ನೂ ಮುಗಿಸಿದವಳು. ಮೂರು ಚಂದ್ರರಿರುವ ಒಂದು ಲೋಕ, ಹಾರುವ ಮೃಗಗಳು, ನಕ್ಷತ್ರದಿಂದ ನಕ್ಷತ್ರಕ್ಕೆ ಓಡಾಡುವ ಹಡಗುಗಳು, ರಾಜ್ಯ ಕಳೆದುಕೊಂಡ ಒಬ್ಬ ರಾಜಕುಮಾರ, ಅವನಿಗೆ ಲೆಕ್ಕವಿಲ್ಲದಷ್ಟು ದಾಯಾದಿಗಳು. ದಾಯಾದಿಗಳಿರುವ ಯಾವ ಲೋಕವೂ ಗುಬ್ಬಿ ಕಡೆಯವರಾದ ನಮಗೆ ಅಪರಿಚಿತವೆನಿಸುವುದಿಲ್ಲ.

ಇಂಥ ಕಥೆಯನ್ನು ಸೀಸನ್ನಿಗೆ ಎಂಟು ಎಪಿಸೋಡಿನಂತೆ ಕತ್ತರಿಸಿ ತೋರಿಸಿದರೆ ಹೊಟ್ಟೆ ಉರಿಯದೆ ಇರುತ್ತದೆಯೇ? ಎರಡನೇ ಸಂಪುಟದಲ್ಲಿ ಉಪ್ಪು ಮಾರುವ ಒಬ್ಬ ಅಜ್ಜಿ ಬರುತ್ತಾಳೆ. ರಾಜಕುಮಾರನಿಗೆ ಬುದ್ಧಿ ಹೇಳುವವಳು ಅವಳೊಬ್ಬಳೇ. ನಿರ್ದೇಶಕ ಮಹಾಶಯ ಆ ಅಜ್ಜಿಯನ್ನು ಪೂರ್ತಿ ಎಗರಿಸಿ, ಅವಳ ಮಾತನ್ನು ಗಡ್ಡ ಬಿಟ್ಟ ಒಬ್ಬ ಸಿಪಾಯಿಯ ಬಾಯಿಗೆ ತುರುಕಿದ್ದ. ಅದಾದ ಮೇಲೆ ನಾನು ಎರಡು ದಿನ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ. ಅಜ್ಜಿಯನ್ನು ಕಿತ್ತ ಇದೇ ಪುಣ್ಯಾತ್ಮ, ಪುಸ್ತಕದಲ್ಲಿ ಅರ್ಧ ಪುಟವಿರುವ ಕುದುರೆ ಪಂದ್ಯವನ್ನು ಒಂದಿಡೀ ಎಪಿಸೋಡ್ ಎಳೆದಿದ್ದ. ಎಳೆದದ್ದಕ್ಕೂ ಬೈದೆ, ಕತ್ತರಿಸಿದ್ದಕ್ಕೂ ಬೈದೆ. ಗಂಡ ಮೆಲ್ಲಗೆ ಎದ್ದು ಮೋಟಾರ್ ಆಫ್ ಮಾಡುವ ನೆಪದಲ್ಲಿ ಮಹಡಿಗೆ ಹೋದವರು ಮತ್ತೆ ಆ ಸೋಫಾಕ್ಕೆ ಬರಲಿಲ್ಲ.

ಅವರ ಜಾಗಕ್ಕೆ ಬಂದವರು ನನ್ನಪ್ಪ. ಹೋದ ವರ್ಷ ಅಮ್ಮ ತೀರಿಕೊಂಡ ಮೇಲೆ ಅಪ್ಪನನ್ನು ಊರಿಂದ ತುಮಕೂರಿಗೆ ಕರೆದುಕೊಂಡು ಬಂದೆ. ಬಂದರು, ಆದರೆ ಇರುವುದಕ್ಕೆ ಬಂದವರ ಹಾಗೆ ಬರಲಿಲ್ಲ. ಪಂಚೆ, ಟವೆಲ್, ವಿಭೂತಿ ಗಟ್ಟಿ ಎಲ್ಲ ಬ್ಯಾಗಿನಲ್ಲೇ. ಬೀರುವಿನಲ್ಲಿ ಒಂದು ಅರೆಯನ್ನು ಖಾಲಿ ಮಾಡಿಕೊಟ್ಟರೂ ಅದರ ಕಡೆ ತಿರುಗಿ ನೋಡಲಿಲ್ಲ. “ಸೋಮವಾರ ಹೊರಡ್ತೀನಿ ಕಣವ್ವ, ಇಲ್ಲಿ ನಂಗೇನು ಕೆಲ್ಸ?” ಎನ್ನುವುದು ವಾರ ವಾರದ ಮಾತು. ಗುಬ್ಬಿಗೆ ಯಾವಾಗ ಹೋದರೂ ಬಸ್ಸು ಸಿಗುತ್ತದೆ ಎಂದು ಊರಿಗೆಲ್ಲ ಸಂತೋಷ, ನನಗೊಬ್ಬಳಿಗೆ ಅದೇ ಭಯ. ಹೊರಟರೆ ಒಂದು ಗಂಟೆಯಲ್ಲಿ ಆ ಖಾಲಿ ಮನೆಯ ಬೀಗ ತೆಗೆದುಕೊಂಡು ಒಳಗೆ ಹೋಗಿ ಕೂತುಬಿಡುತ್ತಾರೆ, ಹೊತ್ತಿಗೆ ಸರಿಯಾಗಿ ಉಣ್ಣುವುದಿಲ್ಲ ಎಂದು ನನಗೆ ಗೊತ್ತಿತ್ತು.

ಒಂದು ಭಾನುವಾರ ಮಧ್ಯಾಹ್ನ ನಾನು ಮೊದಲ ಸೀಸನ್ನನ್ನು ಮತ್ತೆ ಹಾಕಿಕೊಂಡು ಬೈಯುತ್ತಾ ಕೂತಿದ್ದಾಗ ಅಪ್ಪ ಬಂದು ಪಕ್ಕದಲ್ಲಿ ಕೂತರು. ಇಂಗ್ಲಿಷು ಅವರಿಗೆ ಬಾರದು. ನಾನು ನಿಲ್ಲಿಸಿ ನಿಲ್ಲಿಸಿ ಕನ್ನಡದಲ್ಲಿ ಹೇಳಿದೆ. ಎಪಿಸೋಡ್ ಮುಗಿದಾಗ ರಾಜಕುಮಾರ ಸೆರೆಮನೆಯಲ್ಲಿದ್ದ. “ಆ ಹುಡ್ಗ ಈಚೆಗೆ ಬರ್ಲಿ, ಆಮೇಲೆ ಊರಿಗೆ ಹೋಗೋದು ನೋಡೋಣ” ಎಂದರು. ಅವತ್ತಿನಿಂದ ನಮ್ಮ ಮನೆಯಲ್ಲಿ ಭಾನುವಾರ ಎಂದರೆ ಮುದ್ದೆ, ಬಸ್ಸಾರು ಮತ್ತು ಮೂರು ಚಂದ್ರರು. ರಾಜಕುಮಾರ ಕಷ್ಟದಲ್ಲಿದ್ದಷ್ಟು ದಿನ ನಾನು ಸುಖವಾಗಿದ್ದೆ.

ಮೂರನೇ ಸೀಸನ್ನಿನ ಮಧ್ಯದಲ್ಲಿ ಅನಾಹುತವಾಯಿತು. ರಾಜಕುಮಾರ ಗುಹೆಯೊಳಗೆ ಹೋದವನು ಹೊರಗೆ ಬಂದಾಗ ಬೇರೆ ಯಾರೋ ಆಗಿದ್ದ. ಹಳೆಯ ನಟ ಕೈಕೊಟ್ಟಿದ್ದನಂತೆ. ಹೊಸಬನ ಮೂಗು ಬೇರೆ, ನಡಿಗೆ ಬೇರೆ, ನಗು ಇಲ್ಲವೇ ಇಲ್ಲ. ನಾನು ರಿಮೋಟ್ ಎಸೆದೆ. “ಮುಗೀತು, ಇನ್ನು ಇದನ್ನ ನೋಡಲ್ಲ” ಎಂದು ಘೋಷಿಸಿದೆ. ಹೇಳಿದ ಮೇಲೆ ಹೊಳೆಯಿತು. ಧಾರಾವಾಹಿ ನಿಂತರೆ ಅಪ್ಪ ಹೊರಡುತ್ತಾರೆ. ನನ್ನ ಕೋಪದಿಂದ ನಾನೇ ಅವರಿಗೆ ಗುಬ್ಬಿ ಬಸ್ಸು ಹತ್ತಿಸಿದಂತಾಯಿತು.

ಅಪ್ಪ ಮಾತ್ರ ಮುಂದಕ್ಕೆ ಬಾಗಿ ಟಿವಿ ನೋಡುತ್ತಲೇ ಇದ್ದರು. “ಯಾಕವ್ವ ನಿಲ್ಸೋದು? ಇವ್ನು ಎರಡ್ನೇ ಭಾಗದವ್ನು.”

ಆಗ ನನಗೆ ನೆನಪಾಯಿತು. ನಮ್ಮೂರಿನ ಪೌರಾಣಿಕ ನಾಟಕಗಳಲ್ಲಿ ರಾಜನ ಪಾತ್ರ ಎಲ್ಲರಿಗೂ ಬೇಕು. ಅದಕ್ಕೆ ಹಾರ್ಮೋನಿಯಂ ಮೇಷ್ಟ್ರು ಒಂದೇ ರಾಜನನ್ನು ಇಬ್ಬರಿಗೆ ಹಂಚುತ್ತಿದ್ದರು. ಅಪ್ಪ ಯಾವಾಗಲೂ ಎರಡನೇ ಭಾಗದ ರಾಜ. ಚಾಪೆಯ ಮೇಲೆ ಒಂದು ನಿದ್ದೆ ತೆಗೆದು ಎದ್ದ ಜನರಲ್ಲಿ, ದಪ್ಪ ಮೀಸೆಯ ರಾಜ ಹೋಗಿ ನರಪೇತಲ ನನ್ನಪ್ಪ ನಿಂತಿದ್ದರೂ ಯಾರೂ ಒಂದು ಮಾತು ಕೇಳುತ್ತಿರಲಿಲ್ಲ. ಕಿರೀಟ ಅದೇ ತಾನೆ?

“ಎರಡ್ನೇಯವ್ನ ಕಷ್ಟ ನಿಂಗೊತ್ತಿಲ್ಲ ಬುಡು” ಎಂದರು ಅಪ್ಪ. “ಮೊದಲ್ನೇಯವ್ನು ಚಪ್ಪಾಳೆ ಎಲ್ಲಾ ಬಾಚ್ಕೊಂಡು ಹೋಗಿರ್ತಾನೆ. ಪರದೆ ಹಿಂದೆ ಕಿರೀಟ ಇಸ್ಕೊಳೋವಾಗ ನಾನು ಅವ್ನ ಕೈ ಹಿಡ್ಕೊಂಡು, ಎಲ್ಲಿಗೆ ಬಿಟ್ಟಿದೀಯಪ್ಪ ಅಂತ ಕೇಳ್ತಿದ್ದೆ. ಅಲ್ಲಿಂದ ಹಿಡ್ಕೋಬೇಕು. ಶುರುನಲ್ಲಿ ಗಂಟಲು ನಡುಗುತ್ತೆ. ಜನ ಸ್ವಲ್ಪ ತಡ್ಕೋಬೇಕಪ್ಪ.” ನನ್ನ ಕಡೆ ತಿರುಗಿ, “ನಿನ್ನ ಬಸ್ಸಾರು ಮೊದಮೊದಲು ಹೆಂಗಿತ್ತು? ಬಾಯಿಗಿಡೋಕಾಗ್ತಿರ್ಲಿಲ್ಲ. ನಾನೇನಾದ್ರೂ ಎದ್ದು ಹೋದ್ನಾ?” ಎಂದರು.

ನನಗೆ ನಗುವೂ ಬಂತು, ಕಣ್ಣೂ ತುಂಬಿತು. ಅಮ್ಮ ಹೋಗುವಾಗ ಎಲ್ಲಿಗೆ ಬಿಟ್ಟಿದ್ದೀಯ ಎಂದು ಕೈ ಹಿಡಿದು ಕೇಳುವುದಕ್ಕೆ ನನಗೆ ಸಿಕ್ಕಿರಲಿಲ್ಲ. ಕಾಳು ಎಷ್ಟು ಬೇಯಿಸಬೇಕು, ಅಪ್ಪನ ಕಾಫಿಗೆ ಸಕ್ಕರೆ ಎಷ್ಟು, ಅವರು ಸುಮ್ಮನೆ ಕೂತರೆ ಮಾತಾಡಿಸಬೇಕೋ ಬಿಡಬೇಕೋ, ಯಾವುದೂ ಗೊತ್ತಿಲ್ಲದೆ ಒಂದು ವರ್ಷದಿಂದ ಈ ಮನೆಯ ರಂಗದ ಮೇಲೆ ತಡವರಿಸುತ್ತಿದ್ದೆ. ಇದ್ದವರೊಬ್ಬರೇ ಪ್ರೇಕ್ಷಕರು. ಅವರು ಬ್ಯಾಗು ಕಟ್ಟಿಟ್ಟುಕೊಂಡೇ ತಡೆದುಕೊಂಡಿದ್ದರು.

ಸೋಫಾದ ಕೆಳಗೆ ಹೋಗಿದ್ದ ರಿಮೋಟನ್ನು ಹುಡುಕಿ ತೆಗೆದೆ. ಅಪ್ಪ ಕೇಳಿದರು, “ಒಟ್ಟು ಎಷ್ಟು ಪುಸ್ತಕ ಅಂದೆ?”

“ಹನ್ನೊಂದು.”

“ಈಗ ಎಷ್ಟಾಗಿದೆ?”

“ಎರಡೂವರೆ.”

ಅಪ್ಪ ಮನಸ್ಸಿನಲ್ಲೇ ಏನೋ ಗುಣಿಸಿದರು. ಆಮೇಲೆ ಟಿವಿಯಿಂದ ಕಣ್ಣು ತೆಗೆಯದೆಯೇ ಹೇಳಿದರು, “ಹಂಗಾದ್ರೆ ನನ್ ಪಂಚೆಗಳ್ನ ಬ್ಯಾಗಿಂದ ತೆಗ್ದು ಬೀರುನಲ್ಲಿ ಇಡವ್ವ. ಸುಮ್ನೆ ಮುದುರ್ಕೊಂಡು ಕೂತವೆ.”

ಪಂಚೆಗಳನ್ನು ಜೋಡಿಸಿ ಬಂದು ಅವರ ಪಕ್ಕ ಕೂತೆ. ಹೊಸ ರಾಜಕುಮಾರ ಅಷ್ಟೇನೂ ಕೆಟ್ಟವನಲ್ಲ, ಗಂಟಲು ಸ್ವಲ್ಪ ನಡುಗುತ್ತದೆ, ಅಷ್ಟೇ. ನಿರ್ದೇಶಕರ ಮೇಲೂ ಈಗ ನನಗೆ ಸಿಟ್ಟಿಲ್ಲ. ಕುದುರೆ ಪಂದ್ಯ ಬೇಕಾದರೆ ಇನ್ನೂ ಹತ್ತು ಇಡಲಿ. ಒಂದೊಂದು ಪುಸ್ತಕಕ್ಕೆ ಎರಡೆರಡು ಸೀಸನ್ ಎಳೆದರೂ ನಾನು ತುಟಿ ಪಿಟಕ್ಕೆನ್ನುವುದಿಲ್ಲ.