ಕಾಕೂನ ಒಂದೇ ಫೋಟೋ

ಸತ್ತವರ ಫೋಟೋನೇ ಇಲ್ಲದಿದ್ದರೆ ಹಾರ ಯಾವುದಕ್ಕೆ ಹಾಕುವುದು? ಇಷ್ಟು ಸಣ್ಣ ಪ್ರಶ್ನೆ ಧಾರವಾಡದ ಸಾಲಿಮಾಸ್ತರ ತ್ರ್ಯಂಬಕನ ಇಡೀ ಒಂದು ದಿನವನ್ನು ನುಂಗಿತು. ತಬ್ಬಲಿಯಾಗಿದ್ದ ಅವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದ ಚಿಕ್ಕಮ್ಮ, ಅವನ ಬಾಯಲ್ಲಿ ಕಾಕು, ತೀರಿಕೊಂಡು ಅಂದಿಗೆ ಹನ್ನೆರಡು ದಿನ. ಮರುದಿನ ಹದಿಮೂರನೆಯ ದಿನದ ಊಟಕ್ಕೆ ಬಂಧುಬಳಗವೆಲ್ಲ ಬರುವುದಿತ್ತು.

ಕಾಕು ಜನ್ಮದಲ್ಲಿ ಫೋಟೋ ತೆಗೆಸಿಕೊಂಡವಳಲ್ಲ. "ಫೋಟೋ ತಗಸಿದ್ರ ಆಯುಷ್ಯ ಕಡಿಮಿ ಆಗ್ತದ" ಎಂದು ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತಿದ್ದಳು. ಅವಳು ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಕೂತಾಗ ತ್ರ್ಯಂಬಕ ಕಂಬದ ಮರೆಯಿಂದ, ಕಳ್ಳನ ಹಾಗೆ, ಒಂದೇ ಒಂದು ಫೋಟೋ ಹೊಡೆದಿದ್ದ. ಆ ಫಿಲ್ಮ್ ರೋಲಿಗೆ ಸುತ್ತಿದ ಕಾಗದದ ಮೇಲೆ ಪೆನ್ಸಿಲಿನಿಂದ 'ಕಾಕು' ಎಂದು ಬರೆದು ಅವಲಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟ. ಹದಿನೈದು ದಿನಕ್ಕೆ ಅವಳು ಹೋದಳು. ನಾನೇ ಕೊಂದೆನೋ ಏನೋ ಎಂಬ ಹುಳ ಅವನ ತಲೆಯನ್ನು ಕೊರೆಯುತ್ತಲೇ ಇತ್ತು.

ಹುಬ್ಬಳ್ಳಿಯ ಫೋಟೋದವರು ರೋಲು ತೊಳೆಯಲು ಎಂಟು ದಿವಸ ಬೇಕೆಂದರು. ಮುಂಬಯಿಯಿಂದ ತರಿಸಿದ ಔಷಧ ಮನೆಯಲ್ಲೇ ಇತ್ತು, ಹೇಗೆ ಮಾಡಬೇಕೆಂಬ ಹಾಳೆಯೂ ಇತ್ತು. ಇಲ್ಲದ್ದು ಅನುಭವ ಒಂದೇ.

ಕಿಟಕಿಯಿಲ್ಲದ ಜಾಗವೆಂದರೆ ಕಾಕೂನ ಉಪ್ಪಿನಕಾಯಿ ಕೋಣೆ. ಹಿಟ್ಟು ನಾದುವ ಎರಡು ಪರಾತಗಳಲ್ಲಿ ಎರಡು ಔಷಧ ಕಲಸಿದ. ಒಂದು ಚಿತ್ರ ಮೂಡಿಸುವುದು, ಇನ್ನೊಂದು ಮೂಡಿದ್ದನ್ನು ನಿಲ್ಲಿಸುವುದು. ಬೆಳಕು ಕೆಂಪಗಿರಬೇಕು, ಔಷಧಕ್ಕೆ ಮೊದಲೇ ಬಿಸಿಲು ತಾಗಿದರೆ ಚಿತ್ರವೇ ಉಳಿಯದು ಎಂದು ಹಾಳೆಯಲ್ಲಿತ್ತು. ಕಾಕೂನ ಕೆಂಪು ಸೀರೆಯನ್ನೇ ಮಡಿಸಿ ಕಂದೀಲಿಗೆ ಸುತ್ತಿದ. ಬೇಡ ಬೇಡ ಎಂದವಳೇ ಬಂದು ದೀಪ ಹಿಡಿದು ನಿಂತಂತಾಯಿತು. ಡಬ್ಬಿಗೆ ಕೈಹಾಕಿ, ಸಿಕ್ಕ ರೋಲನ್ನು ಬಿಚ್ಚಿ, ಮೇಲಿನ ಕಾಗದವನ್ನು ಜೇಬಿಗೆ ತುರುಕಿ, ಫಿಲ್ಮನ್ನು ಔಷಧದಲ್ಲಿ ಮುಳುಗಿಸಿದ.

ಬಾಗಿಲಾಚೆ ಪಕ್ಕದ ಮನೆಯ ಏಕನಾಥರಾಯರು, ಪಿಂಚಣಿ ಪೋಸ್ಟಮಾಸ್ತರರು, ಗಡಿಯಾರ ಹಿಡಿದು ಕೂತಿದ್ದರು.

"ಮಿನಿಟು ಹೇಳ್ಕೋತ ಹೋಗ್ರಿ ರಾಯರ, ಎಂಟಾದ ಕೂಡ್ಲೆ ಕೂಗ್ರಿ."

"ಮೂರಾತು... ನಾಕಾತು... ಏನs ಅನ್ನು ತ್ರ್ಯಂಬಕ, ನಿಮ್ಮ ಕಾಕೂನ ಮಾವಿನಕಾಯಿ ಉಪ್ಪಿನಕಾಯಿ ಅಂದ್ರ ಉಪ್ಪಿನಕಾಯಿ! ಒಮ್ಮೆ ಏನಾತಂದ್ರ—"

"ಎಷ್ಟಾತ್ರೀ?"

"ಆರೋ ಏಳೋ. ಗಡಿಯಾರ ನಿಂತದ ಅನ್ನಿಸ್ತದ."

ಅಷ್ಟರಲ್ಲಿ ರಾಯರ ಹೆಂಡತಿ ತಾರಾಬಾಯಿ ಬಾಗಿಲು ಬಡಿದಳು. ನಾಳಿನ ಊಟಕ್ಕೆಂದು ಮುಂಜಾನೆಯಿಂದ ಮನೆಯ ಮೂಲೆ ಮೂಲೆ ತಿಕ್ಕಿ ತೊಳೆಯುತ್ತಿದ್ದವಳು ಅವಳೇ. "ಬಾಗಿಲಾ ತಗಿ ತಮ್ಮಾ, ಹುಣಸಿಹಣ್ಣು ಒಳಗದ!"

"ತಗೀಬ್ಯಾಡ್ರಿ ವೈನೀ!" ಎಂದು ತ್ರ್ಯಂಬಕ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಮೊಣಕೈ ತಾಗಿ ಭರಣಿ ಉರುಳಿತು. ಅಂಗಿಯ ತುಂಬ ಉಪ್ಪಿನಕಾಯಿ ರಸ.

ಅಂತೂ ಎರಡನೆಯ ಪರಾತವೂ ಮುಗಿಯಿತು. ಹಿತ್ತಲಿಗೆ ಬಂದ, ತಾರಾಬಾಯಿ ನೀರು ಸುರಿದಳು, ಅವನು ಮೂರು ನೀರಿನಲ್ಲಿ ತೊಳೆದು ಅರಿವೆ ಒಣಹಾಕುವ ಹಗ್ಗಕ್ಕೆ ಫಿಲ್ಮನ್ನು ತೂಗುಹಾಕಿದ. ಮೂವರೂ ಕತ್ತು ಚಾಚಿ ನೋಡಿದರು. ಕಾಕು ಇಲ್ಲ, ಕಟ್ಟೆಯಿಲ್ಲ, ಒಂದು ಅಕ್ಕಿಕಾಳೂ ಇಲ್ಲ. ಗಾಜಿನ ಹಾಗೆ ಬರೀ ಬಯಲು.

"ಮೊದಲ ಯಾವ ಪರಾತದಾಗ ಹಾಕಿದಿ?" ಎಂದರು ರಾಯರು. ಎರಡನೆಯದನ್ನು ಮೊದಲು ಮಾಡಿದರೆ ಚಿತ್ರ ಅಳಿಸಿಹೋಗುವುದೆಂದು ಹಾಳೆಯಲ್ಲಿತ್ತು. ತ್ರ್ಯಂಬಕನಿಗೆ ಈಗ ಬಲಗೈ ಯಾವುದು ಎಡಗೈ ಯಾವುದು ಎಂಬುದೇ ನೆನಪಾಗಲಿಲ್ಲ.

"ಹೋಗ್ಲಿ ಬಿಡಪಾ. ಆಕಿಗೆ ಮನಸಿರ್ಲಿಲ್ಲ. ಸತ್ತಮ್ಯಾಲೂ ಹಟ ಬಿಡ್ಲಿಲ್ಲ" ಎಂದು ರಾಯರು ಸಮಾಧಾನ ಹೇಳಿದರು. ಆ ಸಮಾಧಾನಕ್ಕೇ ತ್ರ್ಯಂಬಕನ ಅಳು ಒಡೆಯಿತು. ಮುಂದಿನ ಕಟ್ಟೆಯ ಮೇಲೆ ಹೋಗಿ ಕೂತ. ಇನ್ನು ಅವಳ ಮುಖ ನೆನಪಿನಲ್ಲಿ ಮಾತ್ರ. ಆ ನೆನಪಾದರೂ ಎಷ್ಟು ದಿನ ಬಾಳೀತು? ತಾಸುಗಟ್ಟಲೆ ಹಾಗೇ ಕೂತ.

ಕಣ್ಣೊರೆಸಲು ಜೇಬಿನಿಂದ ವಸ್ತ್ರ ಎಳೆದಾಗ ರೋಲಿನ ಕಾಗದ ಕೆಳಗೆ ಬಿತ್ತು. ಅವಳ ಹೆಸರನ್ನಾದರೂ ನೋಡೋಣವೆಂದು ತಿರುವಿದ. ಹೆಸರಿರಲಿಲ್ಲ. ಆ ತುದಿಯಿಂದ ಈ ತುದಿಯವರೆಗೆ ಎಲ್ಲಿಯೂ ಇರಲಿಲ್ಲ.

"ರಾಯರ! ನಾ ತೊಳದದ್ದು ಹೊಸಾ ರೋಲ್ರೀ! ಮುಂದ ಕ್ಯಾಮರಾಕ್ಕ ಹಾಕೋಣಂತ ಅದನ್ನೂ ಡಬ್ಬ್ಯಾಗ ಇಟ್ಟಿದ್ದೆ, ಅದs ಕೈಗೆ ಬಂದದ! ಕಾಕು ಡಬ್ಬ್ಯಾಗ ಇದ್ದಾಳ!"

ಹನ್ನೆರಡು ದಿನಗಳಲ್ಲಿ ಅವನು ನಕ್ಕದ್ದು ಅದೇ ಮೊದಲು. ಅಡುಗೆಮನೆಗೆ ಓಡಿದ. ಅವಲಕ್ಕಿ ಡಬ್ಬಿ ಫಳಫಳ ಹೊಳೆಯುತ್ತ ಬೋರಲಾಗಿ ಬಿದ್ದಿತ್ತು.

"ವೈನೀ, ಇದರಾಗ ಒಂದು ರೋಲಿತ್ತಲ್ರೀ?"

"ಇತ್ತಪಾ. ನೀ ಅಳಕೋತ ಕೂತಿದ್ದಿ, ಯಾಕ ತೊಂದ್ರಿ ಕೊಡೋದಂತ ನಾನs ಬಿಚ್ಚಿ, ನೀ ಮಾಡಿದ್ಹಂಗ ಮೂರು ನೀರಾಗ ತೊಳದು ಹಗ್ಗಕ್ಕ ಹಾಕೀನಿ. ಕಾಕು ಅಂತ ಬರದಿತ್ತು ನೋಡು, ಅದಕ್ಕ ನಾಕನೇ ನೀರೂ ಹಾಕ್ದೆ."

ಹಿತ್ತಲಿನಲ್ಲಿ ಸುಡುಬಿಸಿಲು. ಹಗ್ಗದ ಮೇಲೆ ಎರಡು ಫಿಲ್ಮು ಜೋಡಿಯಾಗಿ ತೂಗುತ್ತಿದ್ದವು. ತಾರಾಬಾಯಿ ಬಂದು ಪಕ್ಕದಲ್ಲಿ ನಿಂತಳು. ಅವಳ ಕಣ್ಣುಗಳೂ ಒದ್ದೆಯಾಗಿದ್ದವು.

"ಇನ್ನೂ ಹಸೀ ಅದ. ಒಣಗಿದ ಮ್ಯಾಲೆ ಕಾಕೂನ ಮಾರಿ ಕಾಣಸ್ತದಲ್ಲೋ?"

ತ್ರ್ಯಂಬಕ ಬಿಸಿಲು ಕುಡಿದ ಫಿಲ್ಮಿನ ತುದಿಯನ್ನು ಹಿಡಿದು ನೋಡಿ ಮೆಲ್ಲಗೆ ಬಿಟ್ಟ.

"ಒಣಗಲಿ ಬಿಡ್ರಿ ವೈನಿ" ಎಂದ.